ಉಲುರು ಬುಡದಲ್ಲಿ ರೇಂಜರ್ ಜೊತೆ ಒಂದೂವರೆ ಗಂಟೆ

ಆಸ್ಟ್ರೇಲಿಯಾದ ದೊಡ್ಡ ಕೆಂಪು ಬಂಡೆ ಉಲುರುಗೆ ಹೋಗುತ್ತಿದ್ದೇನೆ ಎಂದಾಗ ಗೊತ್ತಿರುವವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಈಗ ಹತ್ತೋಕೆ ಬಿಡಲ್ವಂತಲ್ಲ, ಮತ್ತೆ ಅಷ್ಟು ದುಡ್ಡು ಹಾಕಿ ಹೋಗಿ ಏನು ಮಾಡ್ತೀರಾ?" ಈಗ ಉತ್ತರ ಇದೆ. ಬುಡದಲ್ಲಿ ನಡೀಬೇಕು. ಅದೂ ಮೊದಲ ಸಲ ಒಬ್ಬರೇ ಅಲ್ಲ, ಪಾರ್ಕಿನ ರೇಂಜರ್ ಜೊತೆ. ಮಾಲಾ ವಾಕ್ ಅಂತ ಒಂದಿದೆ. ಹೋಗಿ ಬರುವುದು ಸೇರಿ 2 ಕಿಲೋಮೀಟರ್, ಒಂದೂವರೆ ಗಂಟೆ. ಪಾರ್ಕಿನ ಪಾಸ್ ಇದ್ದರೆ ಸಾಕು, ಇದಕ್ಕೆ ಬೇರೆ ಹಣ ಕೊಡಬೇಕಿಲ್ಲ. ದಾರಿ ಸಪಾಟಾಗಿದೆ, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಅಲ್ಲಿ ನಾನು ನೋಡಿದ್ದರಲ್ಲೆಲ್ಲ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಈ ಒಂದೂವರೆ ಗಂಟೆಯೇ.

ಉಲುರು ಇರುವುದು ಆಸ್ಟ್ರೇಲಿಯಾದ ನಟ್ಟನಡುವೆ, ಕೆಂಪು ಮರಳಿನ ಮರುಭೂಮಿಯಲ್ಲಿ. ಹತ್ತಿರದ ದೊಡ್ಡ ಊರು ಅಂದರೆ ಆಲಿಸ್ ಸ್ಪ್ರಿಂಗ್ಸ್, ಅದೂ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್ ದೂರ. ಬಂಡೆ ಸುತ್ತಲಿನ ನೆಲದಿಂದ 348 ಮೀಟರ್ ಎತ್ತರ, ಸುತ್ತಳತೆ 9.4 ಕಿಲೋಮೀಟರ್. ಫೋಟೋಗಳಲ್ಲಿ ನುಣ್ಣಗೆ ಒಂದೇ ಮುದ್ದೆಯಾಗಿ ಕಾಣುತ್ತದೆ ಅಲ್ವಾ? ಹತ್ತಿರ ಹೋದರೆ ಬೇರೆಯೇ. ಮೈತುಂಬ ಗೀರು, ಮಡಿಕೆ, ತೂತು, ಗವಿ. ಮಳೆ ಬಂದಾಗ ನೀರು ಇಳಿಯುವ ಕಡೆಯಲ್ಲೆಲ್ಲ ಮೇಲಿಂದ ಬುಡದವರೆಗೆ ಕಪ್ಪು ಪಟ್ಟೆಗಳು. ಮುಖ ಹತ್ತಿರ ತಂದು ನೋಡಿದರೆ ಮೇಲ್ಮೈ ಹಕ್ಕಳೆ ಹಕ್ಕಳೆಯಾಗಿ ಎದ್ದಿರುತ್ತದೆ. ಇದನ್ನೆಲ್ಲ ಯಾರಾದರೂ ತೋರಿಸಿಕೊಡದೇ ಇದ್ದರೆ ನಾವು "ಅಬ್ಬಾ, ಎಷ್ಟು ದೊಡ್ಡದು" ಅಂದುಕೊಂಡು ವಾಪಸ್ ಬಂದುಬಿಡುತ್ತೇವೆ.

ಸೆಖೆಗಾಲದಲ್ಲಿ ಬೆಳಿಗ್ಗೆ 8ಕ್ಕೆ, ಚಳಿಗಾಲದಲ್ಲಿ 10ಕ್ಕೆ ಮಾಲಾ ಕಾರ್ ಪಾರ್ಕಿನ ಹತ್ತಿರ ನಡಿಗೆ ಶುರು. ನಾವು ಒಂದಷ್ಟು ಜನ ಇದ್ದೆವು, ಟೋಪಿ, ನೀರಿನ ಬಾಟಲಿ, ಕೆಲವರ ಮುಖಕ್ಕೆ ನೊಣ ತಡೆಯುವ ಬಲೆ. ರೇಂಜರ್ ಬಂದವರು ಮೊದಲು ಬಂಡೆಯ ಬಗ್ಗೆ ಮಾತಾಡಲಿಲ್ಲ. ಈ ನೆಲ ಯಾರದ್ದು ಅನ್ನುವುದರಿಂದ ಶುರು ಮಾಡಿದರು. ಅದು ನನಗೆ ತುಂಬ ಹಿಡಿಸಿತು.

ನೆಲ ಅಣಂಗು ಜನರದ್ದು. ಸಾವಿರಾರು ವರ್ಷಗಳಿಂದ ಇಲ್ಲಿ ಬದುಕಿದವರು. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಬಂದು, ಆಗ ಸೌತ್ ಆಸ್ಟ್ರೇಲಿಯಾದ ಚೀಫ್ ಸೆಕ್ರೆಟರಿ ಆಗಿದ್ದ ಹೆನ್ರಿ ಏರ್ಸ್ ಹೆಸರಿನಲ್ಲಿ ಇದಕ್ಕೆ ಏರ್ಸ್ ರಾಕ್ ಅಂತ ಹೆಸರಿಟ್ಟ. ಆಮೇಲೆ ಇದು ಸರ್ಕಾರದ ಪಾರ್ಕ್ ಆಯಿತು, ಬಂಡೆಯ ಪಕ್ಕದಲ್ಲೇ ಮೋಟೆಲ್‌ಗಳು ಬಂದವು, ವಿಮಾನ ಇಳಿಯುವ ಪಟ್ಟಿಯೂ ಬಂತು. 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ಸರ್ ನಿನಿಯನ್ ಸ್ಟೀಫನ್ ಹಕ್ಕುಪತ್ರವನ್ನು ಅಣಂಗು ಜನರ ಕೈಗೆ ವಾಪಸ್ ಕೊಟ್ಟರು. ಅವರು ಅದನ್ನು 99 ವರ್ಷದ ಗುತ್ತಿಗೆಗೆ ಪಾರ್ಕ್ ಇಲಾಖೆಗೆ ಕೊಟ್ಟಿದ್ದಾರೆ. ಪಾರ್ಕ್ ನಡೆಸುವ ಮಂಡಳಿಯಲ್ಲಿ ಹೆಚ್ಚಿನ ಸ್ಥಾನ ಅವರದೇ. ಅಂದರೆ ಹೋಗುವ ನಾವು ಸರ್ಕಾರಿ ಜಾಗ ನೋಡಲು ಬಂದ ಟೂರಿಸ್ಟ್ ಅಲ್ಲ, ಒಬ್ಬರ ಮನೆಗೆ ಬಂದ ನೆಂಟರು. ಇದು ಮನಸ್ಸಿಗೆ ಬಂದರೆ ಉಳಿದ ನಿಯಮಗಳೆಲ್ಲ ತಾವಾಗೇ ಅರ್ಥವಾಗುತ್ತವೆ.

ನಿಂತ ಜಾಗದಿಂದ ತಲೆ ಎತ್ತಿದರೆ ಬಂಡೆಯ ಬೆನ್ನಿನ ಮೇಲೆ ಒಂದು ಮಾಸಿದ ಗೆರೆ ಕಾಣುತ್ತದೆ. ದಶಕಗಳ ಕಾಲ ಶೂಗಳು ಉಜ್ಜಿ ಉಜ್ಜಿ ಕೆಂಪು ಬಣ್ಣ ಹೋದ ಜಾಗ ಅದು. ಹತ್ತುವ ದಾರಿ. 1964ರಲ್ಲಿ ಅಲ್ಲಿ ಸರಪಳಿ ಹಾಕಿದ್ದರು. ಹತ್ತಲು ಹೋಗಿ ಕನಿಷ್ಠ 37 ಜನ ಸತ್ತಿದ್ದಾರೆ, ಕೆಲವರು ಜಾರಿ ಬಿದ್ದು, ಕೆಲವರು ಹೃದಯಾಘಾತದಿಂದ. ಮೇಲೆ ಶೌಚಾಲಯ ಇಲ್ಲ, ಹಾಗಾಗಿ ಜನ ಅಲ್ಲಿ ಮಾಡಿದ್ದೆಲ್ಲ ಮಳೆ ಬಂದಾಗ ಬುಡದ ಮಡುಗಳಿಗೆ ಇಳಿಯುತ್ತಿತ್ತು. ಮರುಭೂಮಿಯಲ್ಲಿ ಪ್ರಾಣಿಗಳು ಕುಡಿಯುವ ನೀರು ಅದು. "ದಯವಿಟ್ಟು ಹತ್ತಬೇಡಿ" ಅಂತ ಅಣಂಗು ಜನ ವರ್ಷಗಟ್ಟಲೆ ಕೇಳಿಕೊಂಡರು. ಬಲವಂತ ಮಾಡಲಿಲ್ಲ, ಬೋರ್ಡ್ ಹಾಕಿ ಕೇಳಿಕೊಂಡರು ಅಷ್ಟೇ. ಹತ್ತುವವರು ನೂರಕ್ಕೆ 20ಕ್ಕಿಂತ ಕಡಿಮೆಯಾದರೆ ಮುಚ್ಚಬಹುದು ಅಂತ ಪಾರ್ಕಿನ 2010ರ ಯೋಜನೆಯಲ್ಲಿ ಬರೆದಿತ್ತು. ಕಡಿಮೆಯಾದರು. 2017ರಲ್ಲಿ ಮಂಡಳಿ ತೀರ್ಮಾನ ಮಾಡಿತು, 2019ರ ಅಕ್ಟೋಬರ್ 26ಕ್ಕೆ, ನೆಲ ವಾಪಸ್ ಸಿಕ್ಕ ದಿನವೇ, ದಾರಿ ಶಾಶ್ವತವಾಗಿ ಮುಚ್ಚಿತು. ಆಮೇಲೆ ಸರಪಳಿಯನ್ನೂ ಕಿತ್ತು ತೆಗೆದರು.

ಸಾವು, ಗಲೀಜು, ಇವೆಲ್ಲ ಕಾರಣಗಳೇ. ಆದರೆ ಮುಖ್ಯ ಕಾರಣ ಗೊತ್ತಾಗುವುದು ಕತೆ ಕೇಳಿದ ಮೇಲೆ. ಆ ಮಾಸಿದ ಗೆರೆ ಇರುವ ದಾರಿ ಇದೆಯಲ್ಲ, ಮಾಲಾ ಗಂಡಸರು ಮೊದಲ ಸಲ ಉಲುರುಗೆ ಬಂದಾಗ ಹತ್ತಿ ಹೋದ ದಾರಿಯೇ ಅದು.

ಮಾಲಾ ಅಂದರೆ ಒಂದು ಸಣ್ಣ ವಾಲಬಿ, ಕಾಂಗರೂ ಜಾತಿಯ, ಮೊಲದಷ್ಟು ಗಾತ್ರದ ಪ್ರಾಣಿ. ಸೃಷ್ಟಿಯ ಕಾಲದ ಮಾಲಾ ಜನ ಅಣಂಗುಗಳ ಪೂರ್ವಿಕರು. ಅವರು ಉತ್ತರದಿಂದ ಬಂದರು. ಈ ಜಾಗ ಚೆನ್ನಾಗಿದೆ, ಇಲ್ಲಿ ಇನ್ಮ ನಡೆಸೋಣ ಅಂದುಕೊಂಡರು. ಇನ್ಮ ಅಂದರೆ ಹಾಡು, ಕುಣಿತ, ವಿಧಿ ಎಲ್ಲ ಸೇರಿದ ಆಚರಣೆ. ಗಂಡಸರು ಬಂಡೆಯ ತುದಿಗೆ ಹೋಗಿ ವಿಧಿಯ ಕಂಬ ನೆಟ್ಟರು. ಅಲ್ಲಿಗೆ ಆಚರಣೆ ಶುರುವಾದ ಹಾಗೆ. ಆಮೇಲೆ ಎಲ್ಲರಿಗೂ ಅವರವರ ಕೆಲಸ. ಹೆಂಗಸರು ಆಹಾರ ಕೂಡಿಸಿ ಹಸನು ಮಾಡುವುದು, ಗಂಡಸರು ಬೇಟೆ ಆಡುವುದು, ಸೌದೆ ತರುವುದು, ಆಯುಧ ಸರಿ ಮಾಡುವುದು. ಅಷ್ಟರಲ್ಲಿ ಪಶ್ಚಿಮದಿಂದ ವಿಂಟಲ್ಕ ಜನರ ಕಡೆಯಿಂದ ಇಬ್ಬರು ಬಂದು, ನಮ್ಮಲ್ಲೂ ಇನ್ಮ ಇದೆ, ಬನ್ನಿ ಅಂತ ಕರೆದರು. ಮಾಲಾ ಜನ ಬರಲ್ಲ ಅಂದರು. ನಾವು ಶುರು ಮಾಡಿಬಿಟ್ಟಿದ್ದೇವೆ, ನಡುವೆ ನಿಲ್ಲಿಸುವ ಹಾಗಿಲ್ಲ ಅಂದರು. ವಿಂಟಲ್ಕದವರಿಗೆ ಅವಮಾನ ಆಯಿತು. ಸಿಟ್ಟಿನಲ್ಲಿ ಒಂದು ದೊಡ್ಡ ದೆವ್ವದ ನಾಯಿಯನ್ನು ಹುಟ್ಟಿಸಿ ಕಳಿಸಿದರು. ಅದರ ಹೆಸರು ಕುರ್ಪಣಿ. ಅದು ದಾರಿಯುದ್ದಕ್ಕೂ ರೂಪ ಬದಲಿಸುತ್ತ ಬಂತು. ಮೊದಲು ಕಂಡವಳು ಲೂನ್ಪ, ಮಿಂಚುಳ್ಳಿ ಹೆಣ್ಣು. ಅವಳು ಕೂಗಿ ಎಚ್ಚರಿಸಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಪಣಿ ಮೇಲೆ ಬಿದ್ದು ಕೆಲವು ಗಂಡಸರನ್ನು ಕೊಂದಿತು. ಉಳಿದವರು ದಿಕ್ಕುಗೆಟ್ಟು ದಕ್ಷಿಣಕ್ಕೆ, ಈಗಿನ ಸೌತ್ ಆಸ್ಟ್ರೇಲಿಯಾ ಕಡೆಗೆ ಓಡಿದರು, ಅದು ಬೆನ್ನಟ್ಟಿಕೊಂಡೇ ಹೋಯಿತು.

ಇಷ್ಟು ಕತೆಯನ್ನು ಪುಸ್ತಕದಲ್ಲೂ ಓದಬಹುದು. ಆದರೆ ರೇಂಜರ್ ಅದನ್ನು ಹೇಳುತ್ತ ಹೇಳುತ್ತಲೇ ಕೈ ತೋರಿಸುತ್ತಾರೆ. ಅಗೋ, ಆ ಬಂಡೆ ಲೂನ್ಪ, ಈಗಲೂ ಕಾವಲು ನಿಂತಿದ್ದಾಳೆ. ಈ ಗವಿಯಲ್ಲಿ ಹೆಂಗಸರು ಅಡುಗೆ ಮಾಡುತ್ತಿದ್ದರು. ಆ ಗವಿಯಲ್ಲಿ ಗಂಡಸರು ಬೆಂಕಿ ಹಾಕಿಕೊಂಡು ಕೂತಿದ್ದರು. ಕುರ್ಪಣಿಯ ಹೆಜ್ಜೆ ಬಂಡೆಯ ಇನ್ನೊಂದು ಮಗ್ಗುಲಲ್ಲಿದೆ. ಕತೆ ಒಂದು ಕಡೆ, ಜಾಗ ಇನ್ನೊಂದು ಕಡೆ ಅಲ್ಲ. ಬಂಡೆಯ ಪ್ರತಿ ಮಡಿಕೆಯೂ ಕತೆಯ ಒಂದು ತುಂಡು. ಇದಕ್ಕೆ ಅವರು ಚುಕುರ್ಪ ಅನ್ನುತ್ತಾರೆ. ಲೋಕ ಹುಟ್ಟಿದ ಬಗೆ, ಕಾನೂನು, ಯಾರು ಯಾರನ್ನು ಮದುವೆಯಾಗಬಹುದು, ನೀರು ಎಲ್ಲಿದೆ, ಹೇಗೆ ಬದುಕಬೇಕು, ಎಲ್ಲವೂ ಅದರಲ್ಲೇ ಇದೆ. ಶುರು ಮಾಡಿದ ಕೆಲಸ ಮುಗಿಸಬೇಕು, ಎಚ್ಚರಿಕೆಯ ಮಾತು ಕೇಳಬೇಕು, ಇದು ಮಕ್ಕಳಿಗೂ ಈ ಕತೆಯಿಂದ ಸಿಗುವ ಪಾಠ. ನಮಗೆ ಹೇಳುವುದೂ ಅಷ್ಟೇ. ದೊಡ್ಡವರಿಗೆ, ವಿಧಿ ಮುಗಿಸಿದವರಿಗೆ ಇರುವ ಕತೆ ಬೇರೆ, ಅದು ನಮಗೆ ಹೇಳುವುದಿಲ್ಲ.

ಹೇಳದೇ ಇರುವುದು. ನನಗೆ ಈ ನಡಿಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನಾಟಿದ್ದು ಇದೇ. ದಾರಿಯಲ್ಲಿ ಮಾಲಾ ಪುಟ ಅಂತ ಒಂದು ಜಾಗ ಬರುತ್ತದೆ. ಹೆಂಗಸರಿಗೆ ಸೇರಿದ ಪವಿತ್ರ ಜಾಗ. ಬೋರ್ಡ್ ಇದೆ, ಇಲ್ಲಿಂದ ಇಲ್ಲಿಯವರೆಗೆ ಫೋಟೋ ಬೇಡ ಅಂತ. ರೇಂಜರ್ ಅಲ್ಲಿ ನಿಂತು ಕತೆ ಹೇಳಲಿಲ್ಲ. ಇದು ಹೆಂಗಸರ ಜಾಗ, ಇಷ್ಟು ಮಾತ್ರ ಹೇಳಬಹುದು ಅಂದರು, ಮುಂದೆ ನಡೆದರು. ನಮ್ಮ ಗುಂಪಿನಲ್ಲಿ ಒಬ್ಬರಿಗೆ ತಡೆಯಲಾಗಲಿಲ್ಲ, ಯಾಕೆ ಅಂತ ಕೇಳಿದರು. ಇದು ಹೇಳುವ ಮಾತಲ್ಲ ಅಂತ ಮೆತ್ತಗೆ ಉತ್ತರ ಬಂತು. ಗರ್ಭಗುಡಿಯ ಮುಂದೆ ಬಂದಾಗ ಯಾರೂ ಹೇಳದೇ ನಾವು ಮೊಬೈಲ್ ಕೆಳಗಿಳಿಸುತ್ತೇವಲ್ಲ, ಇಲ್ಲೂ ಅಷ್ಟೇ, ಗೋಡೆ ಬಾಗಿಲು ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಯಾಕೆ ಫೋಟೋ ಬೇಡ ಅನ್ನುವುದಕ್ಕೆ ಅವರು ಕೊಡುವ ವಿವರಣೆ ತುಂಬ ಸರಳ. ಗಂಡಸರ ಜಾಗವನ್ನು ಹೆಂಗಸರು, ಹೆಂಗಸರ ಜಾಗವನ್ನು ಗಂಡಸರು ನೋಡುವ ಹಾಗಿಲ್ಲ. ಆ ಜಾಗಗಳ ಕಲ್ಲಿನ ಆಕಾರಗಳೇ ಅವರಿಗೆ ಪವಿತ್ರ ಗ್ರಂಥ ಇದ್ದ ಹಾಗೆ, ಅದನ್ನು ಅಲ್ಲೇ ಹೋಗಿ, ಸರಿಯಾದವರು ಮಾತ್ರ ಓದಬೇಕು. ಫೋಟೋ ತೆಗೆದು ಇಂಟರ್ನೆಟ್‌ಗೆ ಹಾಕಿದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಹಳೆಯ ಫೋಟೋಗಳು ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಂಚಬೇಡಿ. ಇಂಟರ್ನೆಟ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಇನ್ನು ನೋಡಬಹುದಾದ ಗವಿಗಳ ವಿಷಯ. ನನಗೆ ತುಂಬ ಇಷ್ಟವಾದದ್ದು ಅಡುಗೆಮನೆ ಗವಿ, ಕುಲ್ಪಿ ಮಿಞ್ಮಕು ಅಂತ ಅದರ ಹೆಸರು. ಬಿಸಿಲಿನಿಂದ ಒಳಗೆ ಬಂದರೆ ಮೈ ತಂಪಾಗುತ್ತದೆ. ಹೆಂಗಸರು, ಮಕ್ಕಳು ಇಲ್ಲಿ ಇರುತ್ತಿದ್ದರು. ಹುಲ್ಲಿನ ಬೀಜ ತಂದು, ಸಿಪ್ಪೆ ಹಾರಿಸಿ, ಚಪ್ಪಟೆ ಕಲ್ಲಿನ ಮೇಲೆ ಸಣ್ಣ ಕಲ್ಲಿನಿಂದ ಅರೆದು, ಹಿಟ್ಟು ಕಲಸಿ, ಕೆಂಡದಲ್ಲಿ ರೊಟ್ಟಿ ಸುಡುತ್ತಿದ್ದರು. ಬೀಜ ತರುತ್ತಿದ್ದದ್ದು ಪಿಟಿ ಎಂಬ ಮರದ ಬಟ್ಟಲಿನಲ್ಲಿ. ತಲೆಯ ಮೇಲೆ ಕೂದಲಿನ ದಾರ ಸುತ್ತಿದ ಸಿಂಬಿ, ಅದರ ಮೇಲೆ ಪಿಟಿ. ಒಂದು ಹೊತ್ತಿನ ರೊಟ್ಟಿಗೆ ಎಷ್ಟು ಸಣ್ಣ ಸಣ್ಣ ಬೀಜ ಬೇಕು, ಎಷ್ಟು ಹೊತ್ತು ಕೂತು ಅರೆಯಬೇಕು, ಯೋಚನೆ ಮಾಡಿ. ರೇಂಜರ್ ಬೀಜ ಅರೆಯುವ ಬಗೆಯನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದರು. ನಾನು ಗವಿಯ ನೆಲವನ್ನೇ ನೋಡುತ್ತ ನಿಂತಿದ್ದೆ. ಅಷ್ಟು ತಲೆಮಾರು ಕೂತು ಎದ್ದ ಜಾಗ.

ಮುಂದಿನ ಗವಿಯಲ್ಲಿ ಗೋಡೆ ತುಂಬ ಚಿತ್ರಗಳು. ಹುಡುಗರಿಗೆ ಪಾಠ ಹೇಳುತ್ತಿದ್ದ ಗವಿ. ಒಂದರೊಳಗೊಂದು ವೃತ್ತಗಳು, ಗೆರೆಗಳು, ಪ್ರಾಣಿಯ ಹೆಜ್ಜೆಗಳು. ಕೆಂಪು ಮಣ್ಣು, ಸುಟ್ಟ ಇದ್ದಿಲು, ಬೂದಿ, ಇವನ್ನು ನೀರಿನಲ್ಲೋ ಪ್ರಾಣಿಯ ಕೊಬ್ಬಿನಲ್ಲೋ ಕಲಸಿ ಬಳಿಯುತ್ತಿದ್ದರು. ಅಜ್ಜಂದಿರು ಚಿತ್ರ ಬರೆದು, ಬೇಟೆ ಎಲ್ಲಿ ಸಿಗುತ್ತದೆ, ಮಡು ಎಲ್ಲಿದೆ, ಹೆಜ್ಜೆ ಹೇಗೆ ಗುರುತಿಸಬೇಕು ಅಂತ ಕಲಿಸುತ್ತಿದ್ದರು. ಪಾಠ ಮುಗಿದ ಮೇಲೆ ಅದೇ ಗೋಡೆಯ ಮೇಲೆ ಮತ್ತೆ ಹೊಸ ಚಿತ್ರ. ಕೆಲವು ಕಡೆ ಚಿತ್ರಗಳು ಮಸುಕಾಗಿವೆ. ಕಾರಣ ಕೇಳಿ ಹೊಟ್ಟೆ ಉರಿಯಿತು. ಹಿಂದೆ ಟೂರ್ ಗೈಡ್‌ಗಳು ಫೋಟೋದಲ್ಲಿ ಬಣ್ಣ ಚೆನ್ನಾಗಿ ಬರಲಿ ಅಂತ ಗೋಡೆಗೆ ನೀರು ಎರಚುತ್ತಿದ್ದರಂತೆ! ಈಗ ಕಟಕಟೆ ಹಾಕಿದ್ದಾರೆ, ದೂರದಿಂದ ನೋಡಬೇಕು. ಒಳ್ಳೆಯದೇ ಆಯಿತು.

ಗವಿಯೊಳಗೆ ಇನ್ನೊಂದು ವಿಷಯ ಗಮನಿಸಿ. ಗೋಡೆ ಬೂದು ಬಣ್ಣದ್ದು. ಉಲುರುವಿನ ನಿಜವಾದ ಬಣ್ಣ ಅದೇ. ಕಲ್ಲಿನೊಳಗಿನ ಕಬ್ಬಿಣ ಗಾಳಿ, ನೀರಿಗೆ ತುಕ್ಕು ಹಿಡಿದು ಹೊರಮೈ ಕೆಂಪಾಗಿದೆ. ಸಂಜೆ ಹೊತ್ತು ಜಗತ್ತೆಲ್ಲ ಬಂದು ಫೋಟೋ ತೆಗೆಯುವ ಆ ಕೆಂಪು, ತುಕ್ಕಿನ ಒಂದು ತೆಳು ಪದರ. ವಿಜ್ಞಾನಿಗಳ ಪ್ರಕಾರ ಸುಮಾರು 55 ಕೋಟಿ ವರ್ಷದ ಹಿಂದೆ ಪಶ್ಚಿಮದ ದೊಡ್ಡ ಬೆಟ್ಟಗಳಿಂದ ಮಳೆಗೆ ಕೊಚ್ಚಿ ಬಂದ ಮರಳು ಇಲ್ಲಿ ರಾಶಿ ಬಿತ್ತು. ಮೇಲೆ ಸಮುದ್ರ ಬಂತು, ಒತ್ತಡಕ್ಕೆ ಮರಳು ಕಲ್ಲಾಯಿತು. ಸುಮಾರು 40 ಕೋಟಿ ವರ್ಷದ ಹಿಂದೆ ಭೂಮಿ ಮಡಚಿದಾಗ ಇಡೀ ಪದರ ಹೆಚ್ಚುಕಡಿಮೆ ನೆಟ್ಟಗೆ ಎದ್ದು ನಿಂತಿತು. ಮಲಗಿದ್ದ ಪದರಗಳು ಈಗ ನಿಂತಿವೆ, ಅದಕ್ಕೇ ಬಂಡೆಯ ಮೇಲೆ ಆ ಉದ್ದುದ್ದ ಗೀರುಗಳು. ಕಾಣುತ್ತಿರುವುದು ತುದಿ ಮಾತ್ರ, ಉಳಿದದ್ದು ನೆಲದೊಳಗೆ ಇದೆ. ರೇಂಜರ್ ಈ ಎರಡು ಕತೆಯನ್ನೂ ಹೇಳಿದರು, ಯಾವುದನ್ನೂ ಇನ್ನೊಂದರ ಎದುರು ನಿಲ್ಲಿಸಲಿಲ್ಲ. ನನಗೂ ಹಾಗೆ ನಿಲ್ಲಿಸಬೇಕು ಅನಿಸಲಿಲ್ಲ.

ನಡಿಗೆಯ ಕೊನೆ ಕಾಂಜು ಕಣಿವೆ. ಎರಡೂ ಕಡೆ ನೆಟ್ಟಗಿನ ಕೆಂಪು ಗೋಡೆ, ನಡುವೆ ಮಡು. ಮಳೆ ಬಂದರೆ ಇಲ್ಲಿ ಜಲಪಾತ. ನಾವು ಹೋದಾಗ ಸ್ವಲ್ಪವೇ ನೀರಿತ್ತು. ನೀರಿನ ಹತ್ತಿರ ಗದ್ದಲ ಮಾಡಬೇಡಿ, ಇಳಿಯಬೇಡಿ ಅಂದರು. ಸುತ್ತ ಅಷ್ಟು ದೊಡ್ಡ ಮರುಭೂಮಿಯಲ್ಲಿ ನೀರು ನಿಲ್ಲುವ ಜಾಗ ಬೆರಳೆಣಿಕೆಯಷ್ಟು, ಹಾಗಾಗಿ ಪ್ರಾಣಿಗಳು ಬರಲೇಬೇಕು. ಬೇಟೆಗಾರರು ಇಂಥ ಕಡೆಯೇ ಕಾದು ಕೂರುತ್ತಿದ್ದದ್ದು. ಇಲ್ಲಿ ರೇಂಜರ್ ನಮ್ಮನ್ನು ಬಿಟ್ಟು ಹೊರಡುತ್ತಾರೆ. ಎಷ್ಟು ಹೊತ್ತು ಬೇಕಾದರೂ ಕೂತು, ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ವಾಪಸ್ ಹೋಗುವಾಗ ಅದೇ ಬಂಡೆ ಬೇರೆ ಥರ ಕಾಣುತ್ತದೆ, ಇದು ಮಾತ್ರ ಖಂಡಿತ.

ಒಂದು ಬೇಸರದ ವಿಷಯವೂ ಇದೆ. ಯಾವ ಪ್ರಾಣಿಯ ಹೆಸರಿನಲ್ಲಿ ಇಷ್ಟೆಲ್ಲ ಕತೆ ಇದೆಯೋ, ಆ ಮಾಲಾ ಈ ನೆಲದಿಂದ ಮಾಯವಾಗಿಬಿಟ್ಟಿತ್ತು. ಹೊರಗಿಂದ ತಂದ ನರಿ, ಬೆಕ್ಕುಗಳು ತಿಂದವು. ಅಣಂಗು ಜನ ಹುಲ್ಲನ್ನು ಅಲ್ಲಲ್ಲಿ, ಸ್ವಲ್ಪ ಸ್ವಲ್ಪವೇ ಸುಡುತ್ತಿದ್ದರು, ಅದರಿಂದ ಹೊಸ ಚಿಗುರು ಬರುತ್ತಿತ್ತು, ದೊಡ್ಡ ಬೆಂಕಿ ಹಬ್ಬುತ್ತಿರಲಿಲ್ಲ. ಅದು ನಿಂತ ಮೇಲೆ ಒಂದೇ ಸಲ ಎಲ್ಲ ಸುಟ್ಟುಹೋಗುವ ಕಾಳ್ಗಿಚ್ಚು ಶುರುವಾಯಿತು. 2005ರಲ್ಲಿ ಪಾರ್ಕಿನೊಳಗೆ 170 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿ ಮಾಲಾಗಳನ್ನು ತಂದು ಬಿಟ್ಟರು. ಪೂರ್ವಿಕರೇ ಮನೆಗೆ ಬಂದಷ್ಟು ದೊಡ್ಡ ವಿಷಯ ಅದು ಅವರಿಗೆ. ನೋಡಲು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಇವೆ ಅಂತ ಗೊತ್ತಾದರೆ ಸಾಕು.

ನಡಿಗೆ ಮುಗಿಸಿ ಕಲ್ಚರಲ್ ಸೆಂಟರ್‌ಗೆ ಹೋಗಿ. ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ್ದು, ಕುನಿಯ, ಲಿರು ಎಂಬ ಎರಡು ಹಾವುಗಳ ಆಕಾರದಲ್ಲಿದೆ. ಅಲ್ಲಿ ಒಂದು ಕ್ಷಮೆಯ ಪುಸ್ತಕ ಇದೆ, ಅದನ್ನು ಓದದೇ ಬರಬೇಡಿ. ಉಲುರುವಿನಿಂದ ಕಲ್ಲು, ಮಣ್ಣು ಕದ್ದು ಒಯ್ದವರು ವರ್ಷಗಳ ಮೇಲೆ ಅದನ್ನು ಪೋಸ್ಟ್‌ನಲ್ಲಿ ವಾಪಸ್ ಕಳಿಸಿ ಬರೆದ ಪತ್ರಗಳು. ನಾನಾ ದೇಶದಿಂದ ಬರುತ್ತವೆ. ಹಾಗಾಗಿ ನೆನಪಿಗೆ ಅಂತ ಒಂದು ಚಿಕ್ಕ ಹರಳನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.

ಹೋಗುವವರಿಗೆ ಒಂದಿಷ್ಟು ಮಾತು. ಪಾಸ್ ದೊಡ್ಡವರಿಗೆ ಮೂರು ದಿನಕ್ಕೆ 38 ಆಸ್ಟ್ರೇಲಿಯನ್ ಡಾಲರ್, 18 ವರ್ಷದೊಳಗಿನವರಿಗೆ ಉಚಿತ. ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಬಹುದು, ರೇಟ್ ಒಮ್ಮೆ ನೋಡಿಕೊಳ್ಳಿ. ಉಳಿಯಲು ಪಾರ್ಕಿನೊಳಗೆ ಜಾಗ ಇಲ್ಲ, ಹೊರಗಿರುವ ಯುಲಾರಾದಲ್ಲೇ ಉಳಿಯಬೇಕು, ಅಲ್ಲಿಂದ ಬಂಡೆಗೆ ಸುಮಾರು 20 ಕಿಲೋಮೀಟರ್. ರೇಂಜರ್ ನಡಿಗೆ ಯಾವ ದಿನ ಇದೆ ಅಂತ ಮೊದಲೇ ವಿಚಾರಿಸಿ. ನೀರು ಗಂಟೆಗೆ ಒಬ್ಬರಿಗೆ ಒಂದು ಲೀಟರ್ ಲೆಕ್ಕ ಹಾಕಿ. ಉಷ್ಣಾಂಶ 36 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ ಬೆಳಿಗ್ಗೆ 11ರ ಮೇಲೆ ಕೆಲವು ದಾರಿಗಳನ್ನು ಮುಚ್ಚುತ್ತಾರೆ, ವಾದ ಮಾಡಬೇಡಿ. ನೊಣದ ಬಲೆ ತಗೊಳ್ಳಿ, ಕಾಟ ನಿಜವಾಗಲೂ ಜಾಸ್ತಿ. ಸಮಯ ಇದ್ದರೆ ಮರುದಿನ ಬೆಳಿಗ್ಗೆ ಬೇಗ ಹೊರಟು 10.6 ಕಿಲೋಮೀಟರ್‌ನ ಪೂರ್ತಿ ಸುತ್ತು ಹಾಕಿ, ಕುನಿಯ ವಾಕ್‌ನಲ್ಲಿ ಮುಟಿಜುಲು ಮಡು ನೋಡಿ. ಆದರೆ ರೇಂಜರ್ ಜೊತೆಗಿನ ನಡಿಗೆ ಮೊದಲು, ಉಳಿದದ್ದೆಲ್ಲ ಆಮೇಲೆ. ಸೂರ್ಯಾಸ್ತವೂ ಆಮೇಲೇ.